ಮಂಜನಿಗೆ ಕೊಡಲಾಗದ ಕಿಡ್ನಿ

ಆ ದಿನ ನಾನು ಚಿತ್ರದುರ್ಗದ ಸ್ಕ್ಯಾನಿಂಗ್ ಸೆಂಟರಿಗೆ ಹೋಗಿದ್ದು ರೋಗಿಯಾಗಿ ಅಲ್ಲ, ನನ್ನ ತಮ್ಮ ಮಂಜುನಾಥನಿಗೆ ಕಿಡ್ನಿ ಕೊಡುವವಳಾಗಿ. ಹಾಗಾಗಿ ಹೊರಗಿನ ಬೆಂಚಿನ ಮೇಲೆ ಕಾಯುತ್ತಾ ಕೂತಿದ್ದಾಗ ನನಗೆ ಭಯವೇನೂ ಇರಲಿಲ್ಲ. ಅಕ್ಕಪಕ್ಕ ಕೂತವರನ್ನು ನೋಡಿ ಅಯ್ಯೋ ಪಾಪ ಅಂದುಕೊಳ್ಳುವಷ್ಟು ಧೈರ್ಯವಿತ್ತು.

ನನಗೆ ಆಗ ನಲವತ್ತಾರು. ಹೊಳಲ್ಕೆರೆಯಲ್ಲಿ ನಾನೂ ನನ್ನ ಗಂಡ ಬಸವರಾಜೂ ಹಿಟ್ಟಿನ ಗಿರಣಿ ನಡೆಸುತ್ತೇವೆ. ರಾಗಿ, ಜೋಳ, ಗೋಧಿ, ಬೇಸಿಗೆ ಬಂದರೆ ಖಾರದ ಪುಡಿ. ಜ್ವರವೆಂದು ಹಾಸಿಗೆ ಹಿಡಿದ ನೆನಪೇ ನನಗಿಲ್ಲ. ಗಿರಣಿ ಮುಂದೆ ಇಳಿಸಿದ ರಾಗಿ ಚೀಲವನ್ನು ಯಾರನ್ನೂ ಕರೆಯದೆ ಒಳಗೆ ಎಳೆದುಕೊಳ್ಳುತ್ತಿದ್ದೆ. ಮಂಜನಿಗೆ ಯಾರು ಕೊಡಬೇಕು ಎಂಬ ಮಾತು ಬಂದಾಗ ಮನೆಯವರೆಲ್ಲ ನನ್ನ ಕಡೆ ನೋಡಿದ್ದು ಅದಕ್ಕೇ. ಅವರು ನೋಡುವ ಮೊದಲೇ ನಾನು ಮನಸ್ಸು ಮಾಡಿಯಾಗಿತ್ತು.

ಮಂಜ ಐಮಂಗಲದಲ್ಲಿ ಹೈವೇ ಪಕ್ಕ ಲಾರಿಗಳ ವೈರಿಂಗ್ ಕೆಲಸ ಮಾಡುತ್ತಿದ್ದ. ಬೆಂಗಳೂರು, ಪುಣೆ ಅಂತ ಓಡಾಡುವ ಡ್ರೈವರುಗಳು ಅವನನ್ನು ಹೆಸರು ಹಿಡಿದು ಕೂಗುತ್ತಿದ್ದರು. ಚಿಕ್ಕ ವಯಸ್ಸಿಗೇ ಬಿಪಿ ಬಂದಿದ್ದು ಅವನಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಕಾಲು ಊದಿ, ಉಂಡದ್ದೆಲ್ಲ ವಾಂತಿಯಾಗಿ, ಆಸ್ಪತ್ರೆಗೆ ತೋರಿಸುವ ಹೊತ್ತಿಗೆ ಎರಡೂ ಕಿಡ್ನಿ ಕೈಬಿಟ್ಟಿದ್ದವು. ವಾರಕ್ಕೆ ಎರಡು ಸಲ ದುರ್ಗಕ್ಕೆ ಬಂದು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ. ಅಮ್ಮ ಅವನ ಜೊತೆಗೇ ಇದ್ದಳು. ಅವಳಿಗೆ ಸಕ್ಕರೆ ಕಾಯಿಲೆ, ಕೊಡುವಂತಿರಲಿಲ್ಲ. ಅವನ ಹೆಂಡತಿ ಲತಾಳ ರಕ್ತದ ಗುಂಪು ಹೊಂದಲಿಲ್ಲ. ನನ್ನದು ಹೊಂದಿತು.

ಬಸವರಾಜು ಒಂದಿಡೀ ದಿನ ನನ್ನ ಜೊತೆ ಮಾತಾಡಲಿಲ್ಲ. ಸಂಜೆ ಗಿರಣಿ ನಿಲ್ಲಿಸಿ, ಮೈಮೇಲಿನ ಹಿಟ್ಟು ಕೊಡವಿಕೊಳ್ಳುತ್ತಾ, "ನಿನ್ ತಮ್ಮ ಅವನು. ನಾನು ಬ್ಯಾಡ ಅಂದ್ರೆ ನಾಳೆ ನಿನ್ ಮುಖ ಹೆಂಗ್ ನೋಡ್ಲಿ? ಕೊಡು," ಎಂದರು.

ಸ್ಕ್ಯಾನಿಂಗ್ ಕೋಣೆಯಲ್ಲಿ ಮಬ್ಬುಗತ್ತಲು. ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿದ ಲೇಡಿ ಡಾಕ್ಟರು ನನ್ನ ಊರು, ಗಿರಣಿ ಎಲ್ಲ ವಿಚಾರಿಸುತ್ತಾ ಕೈಯಾಡಿಸುತ್ತಿದ್ದರು. ಎಡಗಡೆ ಮುಗಿಸಿ ಬಲಗಡೆಗೆ ಬಂದರು. ಮಾತು ನಿಂತಿತು. ಕೈ ಮುಂದೆ ಹೋಗಿ ಮತ್ತೆ ಅದೇ ಜಾಗಕ್ಕೆ ಬಂತು.

"ಅಮ್ಮಾ, ಸ್ವಲ್ಪ ಎಡಕ್ಕೆ ಹೊರಳ್ರಿ. ಉಸಿರು ಎಳ್ಕೊಂಡು ಹಿಡ್ಕಳ್ರಿ."

ಹಿಡಿದುಕೊಂಡೆ. ಬಿಡಿ ಎಂದು ಅವರು ಹೇಳುವುದು ತಡವಾಯಿತು.

"ಮೂತ್ರದಾಗೆ ರಕ್ತ ಏನಾದ್ರೂ ಹೋಗಿತ್ತಾ? ಈ ಕಡೆ ನೋವು?"

"ಏನೂ ಇಲ್ರಿ. ಯಾಕ್ರಿ ಮೇಡಂ?"

"ಸಣ್ಣದೊಂದು ಗಂಟು ಕಾಣ್ತೈತೆ. ಇದ್ರಲ್ಲಿ ಪೂರ್ತಿ ಗೊತ್ತಾಗಲ್ಲ. ಸಿಟಿ ಮಾಡಿಸ್ಬೇಕು. ಹೊರಗೆ ಯಾರ್ ಬಂದವ್ರೆ?"

ಹೊರಗೆ ಇದ್ದವನು ಮಂಜ. ಅವತ್ತು ಅವನ ಡಯಾಲಿಸಿಸ್ ಇರಲಿಲ್ಲ. ಆದರೂ ಅಕ್ಕ ಒಬ್ಬಳೇ ಹೋಗುವುದು ಬೇಡವೆಂದು ಐಮಂಗಲದಿಂದ ಬಂದಿದ್ದ. ಎಡಗೈಯಲ್ಲಿ ಸೂಜಿ ಚುಚ್ಚುವ ಜಾಗ ಹಗ್ಗದಂತೆ ಉಬ್ಬಿತ್ತು. ಅದನ್ನು ಟವೆಲ್ಲಿನಿಂದ ಮುಚ್ಚಿಕೊಂಡು ಕೂತಿದ್ದ. ನನ್ನ ಮುಖ ನೋಡಿದವನೇ ಎದ್ದು ನಿಂತ. ನಾನು ಗಂಟಿನ ವಿಷಯ ಹೇಳಿದೆ. "ನೀರಿನ ಗುಳ್ಳೆ ಇರ್ತೈತೆ ಬಿಡಕ್ಕ. ನನ್ ಜೊತೆ ಡಯಾಲಿಸಿಸ್‌ಗೆ ಬರೋರಿಗೆಲ್ಲ ಅಂಥವು ಅವೆ," ಎಂದ. ಧೈರ್ಯ ಹೇಳುತ್ತಿದ್ದುದು ನನಗೋ ಅವನಿಗೋ, ತಿಳಿಯಲಿಲ್ಲ.

ಸಿಟಿ ಮಾಡುವಾಗ ಕೈಯ ನರಕ್ಕೆ ಔಷಧಿ ಬಿಡುತ್ತಾರೆ. ಗಂಟಲಿನಿಂದ ಹೊಟ್ಟೆಯ ಕೆಳಗಿನವರೆಗೆ ಬಿಸಿ ಸರ್ರನೆ ಇಳಿಯುತ್ತದೆ. ಬಟ್ಟೆಯಲ್ಲೇ ಮೂತ್ರ ಹೋಯಿತೇನೋ ಎಂದು ನನಗೆ ನಾಚಿಕೆಯಾಯಿತು. ಹೋಗಿರಲಿಲ್ಲ. ಎಲ್ಲರಿಗೂ ಹಾಗೇ ಅನ್ನಿಸುತ್ತದಂತೆ. ಮೊದಲೇ ಯಾರಾದರೂ ಹೇಳಿದ್ದರೆ ಅಷ್ಟು ಗಾಬರಿಯಾಗುತ್ತಿರಲಿಲ್ಲ. ಹಾಗಾಗಿ ಇಲ್ಲಿ ಬರೆದಿದ್ದೇನೆ.

ಅದು ನೀರಿನ ಗುಳ್ಳೆ ಅಲ್ಲ, ಗಟ್ಟಿ ಗಡ್ಡೆ ಎಂದು ವರದಿ ಬಂತು. ಬಲಗಡೆಯ ಕಿಡ್ನಿಯ ಕೆಳತುದಿಯಲ್ಲಿ, ಒಂದು ನೆಲ್ಲಿಕಾಯಿಯಷ್ಟು.

ಆ ದಿನಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಸಾವಿನ ಯೋಚನೆಯಲ್ಲ. ನನಗೆ ಏನೂ ಆಗುತ್ತಿರಲಿಲ್ಲವಲ್ಲ, ಅದು. ಹಸಿವು ಚೆನ್ನಾಗಿತ್ತು, ನಿದ್ದೆ ಬರುತ್ತಿತ್ತು. ಗಿರಣಿಗೆ ಬಂದವರು "ಏನ್ ಗಿರಿಜಕ್ಕ, ಆರಾಮಾ?" ಅಂದರೆ "ಆರಾಮ್ ಕಣ್ರಿ" ಎನ್ನುತ್ತಿದ್ದೆ. ಸುಳ್ಳೂ ಆಗಿರಲಿಲ್ಲ. ನೋವಿದ್ದರೆ ನಂಬಬಹುದಿತ್ತು. ಬಚ್ಚಲಲ್ಲಿ ಸ್ನಾನ ಮಾಡುವಾಗ ಬಲಗಡೆ ಬೆರಳಿಟ್ಟು ಒತ್ತಿ ನೋಡುತ್ತಿದ್ದೆ. ಕೈಗೆ ಏನೂ ಸಿಗುತ್ತಿರಲಿಲ್ಲ. ನನ್ನ ಮೈಯೇ ನನಗೆ ಗೊತ್ತಾಗದಂತೆ ಏನನ್ನೋ ಬೆಳೆಸಿಕೊಂಡು ಕೂತಿದೆ ಎಂದು ಅದರ ಮೇಲೇ ಸಿಟ್ಟು ಬರುತ್ತಿತ್ತು.

ಅಮ್ಮನಿಗೆ ಹೇಳಲು ಐಮಂಗಲಕ್ಕೆ ಹೋದೆ. ಅವಳು ಬಾಗಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿ, ಬಿಡಿಸುವುದನ್ನು ನಿಲ್ಲಿಸದೆ, "ಹಂಗಾರೆ ಮಂಜಂದು?" ಎಂದಳು. ಆಮೇಲೆ ತಾನು ಕೇಳಿದ್ದು ತನಗೇ ತಿಳಿದು ಕೈ ತಟ್ಟೆಯಲ್ಲೇ ಉಳಿಯಿತು. ಒಳಗೆ ಲತಾ ಪಾತ್ರೆ ತೊಳೆಯುವ ಸದ್ದೂ ನಿಂತಿತು. ನಾನು ಕಾಫಿಗೂ ಕಾಯದೆ ಬಸ್ಸು ಹತ್ತಿದೆ.

ಮಂಜನಿಗೆ ಕಸಿ ಮಾಡಬೇಕಿದ್ದ ಬೆಂಗಳೂರಿನ ಆಸ್ಪತ್ರೆಯಲ್ಲೇ ನನ್ನನ್ನೂ ನೋಡುತ್ತೇವೆ ಎಂದರು. ನಾನು, ಬಸವರಾಜು, ಮಂಜ, ಲತಾ ನಾಲ್ವರೂ ಹೋದೆವು. ಡಾಕ್ಟರು ಐವತ್ತರ ಆಸುಪಾಸಿನವರು, ನಿಧಾನದ ಮನುಷ್ಯ. ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿ ಚಿತ್ರ ತೋರಿಸಿದರು. ಬೂದು ಬಣ್ಣದ ಕಿಡ್ನಿಯ ತುದಿಯಲ್ಲಿ ಒಂದು ಬಿಳಿಚಿದ ಉಬ್ಬು.

"ಚಿತ್ರ ನೋಡಿ ನೂರಕ್ಕೆ ನೂರು ಹೇಳೋಕೆ ಆಗಲ್ಲ. ಆದ್ರೆ ಇಂಥವು ಹೆಚ್ಚಿನಂಶ ಕ್ಯಾನ್ಸರೇ ಆಗಿರ್ತವೆ. ಚಿಕ್ಕದಿರುವಾಗಲೇ ಸಿಕ್ಕಿದೆ, ಬೇರೆಲ್ಲೂ ಹರಡಿದ ಹಾಗೆ ಕಾಣ್ತಿಲ್ಲ. ತುಂಬ ವಯಸ್ಸಾದವರಿಗೆ ಆಗಾಗ ಸ್ಕ್ಯಾನ್ ಮಾಡಿ ಸುಮ್ಮನೆ ಕಾಯ್ತೀವಿ. ನಿಮಗೆ ತೆಗೆಯೋದೇ ಒಳ್ಳೇದು."

"ಕಿಡ್ನಿನೇ ತೆಗೀತೀರಾ?" ಬಸವರಾಜು ಕೇಳಿದರು.

"ಇಲ್ಲ. ಗಡ್ಡೆ ಮತ್ತೆ ಅದರ ಸುತ್ತ ಸ್ವಲ್ಪ ಭಾಗ ಅಷ್ಟೇ. ಉಳಿದ ಕಿಡ್ನಿನ ಉಳಿಸಿಕೊಳ್ಳೋಕೆ ನೋಡ್ತೀವಿ. ಒಳಗೆ ರಕ್ತ ನಿಲ್ಲದೇ ಇದ್ರೆ ಮಾತ್ರ ಪೂರ್ತಿ ತೆಗೀಬೇಕಾಗಬಹುದು. ಅದಕ್ಕೂ ನೀವು ಒಪ್ಪಿರಬೇಕು."

ಆಗ ಲತಾ ಮಾತಾಡಿದಳು. ಮನೆಯಲ್ಲೂ ಗಟ್ಟಿಯಾಗಿ ಮಾತಾಡದ ಹುಡುಗಿ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ಸಾರ್, ಆ ಗಂಟು ತೆಗೆದ್ ಮ್ಯಾಲೆ ಕಿಡ್ನಿ ಚೆನ್ನಾಗೇ ಇರ್ತೈತೆ ಅಂದ್ರಲ್ಲ. ಅದನ್ನೇ ಇವರಿಗೆ ಹಾಕಾಕೆ ಬರಲ್ವಾ?" ಎಂದಳು.

ಬಸವರಾಜು ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದರು. ಮಂಜ ಕಣ್ಣು ಮುಚ್ಚಿಕೊಂಡ.

ಡಾಕ್ಟರು ಬೈಯಲಿಲ್ಲ. "ನಿಮಗೆ ಸುಳ್ಳು ಹೇಳಲ್ಲಮ್ಮ. ಬೇರೆ ಕಡೆ ಎಲ್ಲೋ ಅಪರೂಪಕ್ಕೆ ಹಾಗೆ ಮಾಡಿದ್ದಾರೆ. ನಾವು ಮಾಡಲ್ಲ. ಕಿಡ್ನಿ ಹಾಕಿಸಿಕೊಂಡವರಿಗೆ ಮೈಯ ರೋಗ ತಡೆಯೋ ಶಕ್ತಿ ಕುಗ್ಗಿಸೋ ಮಾತ್ರೆ ಕೊಡ್ತೀವಿ, ಇಲ್ಲದಿದ್ರೆ ಮೈ ಅದನ್ನ ಒಪ್ಪಲ್ಲ. ಕ್ಯಾನ್ಸರಿನ ಒಂದು ಕಣ ಉಳಿದಿದ್ರೂ ಅವರೊಳಗೆ ಬೆಳೆಯುತ್ತೆ. ಇನ್ನು ಇವರ ಅಕ್ಕನಿಗೆ ಒಂದೇ ಕಿಡ್ನಿ ಉಳಿಯುತ್ತೆ. ನಾಳೆ ಅದರಲ್ಲೂ ಗಡ್ಡೆ ಬಂದ್ರೆ ಏನ್ ಮಾಡೋಣ?"

ಲತಾ ತಲೆ ತಗ್ಗಿಸಿದಳು. ಹೊರಗೆ ಬಂದ ಮೇಲೆ ಬಸವರಾಜು ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದೊಯ್ದರು. "ಕೇಳ್ದ್ಯಲ್ಲ? ನೀನು ಬದುಕ್ತೀಯೋ ಇಲ್ವೋ ಅಂತ ನಾನು ನೋಡ್ತಿದ್ರೆ, ಅವಳಿಗೆ ನಿನ್ ಮೈಯಾಗೆ ಇನ್ನೂ ಏನ್ ಸಿಗ್ತೈತೆ ಅಂತ."

"ಅವಳ ಜಾಗದಾಗೆ ನೀವಿದ್ದಿದ್ರೆ?" ಎಂದೆ.

ಲತಾಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅದೇ ಪ್ರಶ್ನೆ ನನ್ನ ಬಾಯಲ್ಲೂ ಇತ್ತು. ಅವಳು ಮೊದಲು ಕೇಳಿದಳು, ಅಷ್ಟೇ. ಇವರೆಲ್ಲ ಊಟಕ್ಕೆಂದು ಕೆಳಗಿಳಿದಾಗ ನಾನು ಒಬ್ಬಳೇ ಮತ್ತೆ ಡಾಕ್ಟರ ಬಳಿ ಹೋದೆ. "ಬರೆದುಕೊಡ್ತೀನಿ ಸಾರ್. ಏನಾದ್ರೂ ಆದ್ರೆ ನಾನೇ ಜವಾಬ್ದಾರಿ," ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿಮ್ಮ ತಮ್ಮ ಇದಕ್ಕೆ ಒಪ್ಪುತ್ತಾರಾ? ಅದನ್ನ ಕೇಳಿದ್ದೀರಾ?" ಎಂದರು.

ಆಸ್ಪತ್ರೆಯ ಹಿಂದಿನ ಮರದ ಕಟ್ಟೆಯಲ್ಲಿ ಮಂಜ ಕೂತಿದ್ದ. ಕೇಳಿದೆ. ಅವನು ಚಿಕ್ಕಂದಿನಿಂದ ನನಗೆ ಎದುರಾಡಿದವನಲ್ಲ.

"ಅಕ್ಕ, ಈ ಮಾತು ಇಲ್ಲಿಗೇ ಬಿಟ್ಬಿಡು. ಇನ್ನೊಂದ್ ಸಲ ನೀನು ಯಾರನ್ನಾದ್ರೂ ಹೋಗಿ ಕೇಳಿದ್ರೆ ನಾನು ಡಯಾಲಿಸಿಸ್‌ಗೂ ಹೋಗಲ್ಲ. ಮನೇಲಿ ಮಲಕ್ಕಂತೀನಿ." ಮತ್ತೆ, "ನಿಂದು ನೀನು ಮೊದ್ಲು ತೆಗೆಸ್ಕ. ನಂಗೆ ಈ ಮಷೀನ್ ರೂಢಿ ಆಗೈತೆ," ಎಂದ. ಅವನ ತುಟಿ ಒಣಗಿ ಬಿರುಕು ಬಿಟ್ಟಿತ್ತು. ನೀರು ಕುಡಿಯುವುದಕ್ಕೂ ಅವನಿಗೆ ಅಳತೆಯಿತ್ತು.

ಆಪರೇಷನ್ನಿನ ಬೆಳಿಗ್ಗೆ ನನ್ನ ತಾಳಿ, ಬಳೆ, ಓಲೆ ಬಿಚ್ಚಿ ಬಸವರಾಜರ ಕೈಗೆ ಕೊಟ್ಟೆ. ಅವರು ಅವನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ಒಳಜೇಬಿನಲ್ಲಿ ಇಟ್ಟುಕೊಂಡು, ಆ ಜೇಬಿನ ಮೇಲೆ ಕೈಯಿಟ್ಟೇ ನಿಂತಿದ್ದರು. ಒಳಗೆ ಚಳಿ. ಯಾರೋ ನರ್ಸಮ್ಮ ನನ್ನ ಪಾದ ಮುಟ್ಟಿ ನೋಡಿ, ಹೇಳದೆಯೇ ಇನ್ನೊಂದು ಹೊದಿಕೆ ತಂದು ಹೊದಿಸಿದರು. ಅವರ ಮುಖ ಮಾಸ್ಕಿನಲ್ಲಿತ್ತು, ಇಂದಿಗೂ ಯಾರೆಂದು ಗೊತ್ತಿಲ್ಲ. ಮಂಪರು ಬರುವ ಮೊದಲು ನಾನು ದೇವರನ್ನು ನೆನೆಯಲಿಲ್ಲ. ಕಿಡ್ನಿ ಉಳಿಯುತ್ತದೋ ಇಲ್ಲವೋ ಎಂದೂ ಯೋಚಿಸಲಿಲ್ಲ. ಇದೇ ಆಸ್ಪತ್ರೆಯಲ್ಲಿ ಅಕ್ಕಪಕ್ಕದ ಕೋಣೆಯಲ್ಲಿ ನಾನೂ ಮಂಜನೂ ಮಲಗಬೇಕಿತ್ತಲ್ಲ ಎಂಬುದೊಂದೇ ಮನಸ್ಸಿನಲ್ಲಿತ್ತು.

ಎಚ್ಚರವಾದಾಗ ಹೊಟ್ಟೆಗಿಂತ ಹೆಚ್ಚಾಗಿ ಹೆಗಲು ನೋಯುತ್ತಿತ್ತು. ರಂಧ್ರ ಮಾಡಿ ಆಪರೇಷನ್ ಮಾಡುವಾಗ ಹೊಟ್ಟೆಗೆ ಗಾಳಿ ತುಂಬುತ್ತಾರಂತೆ, ಆ ಗಾಳಿಯ ನೋವು ಹೆಗಲಿಗೆ ಬರುತ್ತದಂತೆ. ಪಕ್ಕೆಯಿಂದ ಒಂದು ಕೊಳವೆ, ಮೂತ್ರಕ್ಕೊಂದು ಕೊಳವೆ. "ಉಳೀತು," ಎಂದರು ಬಸವರಾಜು. "ಗಡ್ಡೆ ಮಾತ್ರ ತೆಗೆದವ್ರೆ. ಕಿಡ್ನಿ ಉಳೀತು ಕಣೆ." ನಾನು ಗೋಡೆಯ ಕಡೆ ಮುಖ ಮಾಡಿದೆ. ಉಳಿದದ್ದು ನನಗೆ ಎನ್ನುವುದು ಆ ಹೊತ್ತಿಗೆ ಸಂತೋಷದ ಮಾತಾಗಿ ಕೇಳಲಿಲ್ಲ.

ಪಕ್ಕದ ಹಾಸಿಗೆಯಲ್ಲಿ ಹೊಸದುರ್ಗದ ಕಡೆಯ ಒಬ್ಬ ಅಜ್ಜಿ ಇದ್ದರು. ಅವರ ಗಡ್ಡೆ ದೊಡ್ಡದಾಗಿತ್ತು, ಕಿಡ್ನಿಯನ್ನೇ ತೆಗೆದಿದ್ದರು. ನಾನು ಎದ್ದು ಕೂರಲು ಒದ್ದಾಡುವುದನ್ನು ನೋಡಿ ಅವರೇ ಕೂಗಿ ಹೇಳಿದರು: "ನೆಟ್ಟಗೆ ಏಳಬ್ಯಾಡಮ್ಮ. ಮೊದ್ಲು ಪಕ್ಕಕ್ಕೆ ಹೊರಳು. ದಿಂಬು ಹೊಟ್ಟೆಗೆ ಅವುಚ್ಕ. ಕೆಮ್ಮು ಬಂದ್ರೂ ಹಂಗೇ ಅವುಚ್ಕ. ಹ್ಞಾಂ, ಈಗ ಕಾಲು ಇಳಿಬಿಡು." ಹಾಗೇ ಮಾಡಿದೆ, ಕೂತೆ. ಇಂಥ ಆಪರೇಷನ್ನಿಗೆ ಹೋಗುವ ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಆ ದಿಂಬಿನ ವಿಷಯ.

ಬಸವರಾಜು ಗಿರಣಿ ನೋಡಿಕೊಂಡು ಬರಲು ಊರಿಗೆ ಹೋದ ದಿನ, ಅವರ ಬದಲಿಗೆ ಲತಾ ಬಂದಳು. ನಾನು ಕರೆದಿರಲಿಲ್ಲ. ಕೈಯಲ್ಲಿ ರಾಗಿ ಗಂಜಿಯ ಡಬ್ಬಿ. ಕೂತಳು, ಎದ್ದಳು, ನೀರಿನ ಬಾಟಲಿ ತುಂಬಿಸಿ ತಂದಳು. ನನ್ನ ಕೂದಲು ಗಂಟುಕಟ್ಟಿ ಜಡೆಯೆಲ್ಲ ಹಗ್ಗವಾಗಿತ್ತು. ಅವಳು ಬ್ಯಾಗಿನಿಂದ ಬಾಚಣಿಗೆ ತೆಗೆದು, "ಅತ್ತಿಗೆ, ಆ ಕಡೆ ತಿರುಗ್ರಿ," ಎಂದಳು. ಒಂದೊಂದೇ ಸಿಕ್ಕು ಬಿಡಿಸಿ, ಎಳೆಯದೆ, ನೋಯಿಸದೆ ಜಡೆ ಹಾಕಿದಳು. ನನ್ನ ಬೆನ್ನ ಹಿಂದೆ ಅವಳು ಅಳುತ್ತಿರುವುದು ಮೂಗೆಳೆಯುವ ಸದ್ದಿನಲ್ಲಿ ಗೊತ್ತಾಗುತ್ತಿತ್ತು. ನಾನು ತಿರುಗಿ ನೋಡಲಿಲ್ಲ. ತಿರುಗಿದ್ದರೆ ಅವಳು ನಿಲ್ಲಿಸಿಬಿಡುತ್ತಿದ್ದಳು.

ತೆಗೆದ ಗಡ್ಡೆಯ ಪರೀಕ್ಷೆಯ ಫಲಿತಾಂಶ ಬರುವವರೆಗೆ ನಾವು ಹೊಳಲ್ಕೆರೆಯ ಮನೆಯಲ್ಲಿ ಫೋನ್ ನೋಡುತ್ತಾ ಕೂತೆವು. ಭಾರ ಎತ್ತುವಂತಿಲ್ಲ ಎಂದಿದ್ದರು, ಗಿರಣಿಯ ಸದ್ದು ಕೇಳುತ್ತಾ ಮಲಗುವುದಷ್ಟೇ ಕೆಲಸ. ನೋಡಲು ಬಂದವರು ಬಗೆಬಗೆಯಾಗಿ ಮಾತಾಡಿದರು. ಒಬ್ಬರು ಖಾರದ ಪುಡಿಯ ಘಾಟಿನಿಂದ ಬಂತು ಎಂದರು, ಒಬ್ಬರು ನೀರು ಎಂದರು. ಕ್ಯಾನ್ಸರ್ ಎಂಬ ಪದ ಬಾಯಿಗೆ ಬಂದಾಗ ಎಲ್ಲರೂ ದನಿ ತಗ್ಗಿಸುತ್ತಿದ್ದರು. ಕೊನೆಗೆ ಫೋನ್ ಬಂತು: ಅದು ಕ್ಯಾನ್ಸರೇ. ಆದರೆ ತೆಗೆದ ಭಾಗದ ಅಂಚಿನಲ್ಲೆಲ್ಲ ಶುದ್ಧವಾಗಿದೆ, ಗಡ್ಡೆ ಪೂರ್ತಿ ಬಂದಿದೆ. ಬೇರೆ ಔಷಧಿ ಬೇಡ, ಕಾಲಕಾಲಕ್ಕೆ ಸ್ಕ್ಯಾನ್ ಮಾಡಿಸಿದರೆ ಸಾಕು.

ಮಂಜನಿಗೆ ನಾನೇ ಫೋನ್ ಮಾಡಿದೆ. ಆಗ ಅವನು ಡಯಾಲಿಸಿಸ್ ಮಷೀನಿಗೆ ಸೇರಿಕೊಂಡು ಮಲಗಿದ್ದ, ಹಿಂದೆ ಅದರ ಪೀಂ ಪೀಂ ಕೇಳುತ್ತಿತ್ತು. "ಗೆದ್ದೆ ಬಿಡಕ್ಕ," ಎಂದ. ಅವನ ದನಿಯಲ್ಲಿ ನಿಜವಾಗಿಯೂ ಸಂತೋಷವಿತ್ತು. ಅದೇ ನನಗೆ ತಡೆಯಲಾಗಲಿಲ್ಲ.

ಸತ್ತವರ ಕಿಡ್ನಿಗಾಗಿ ಕಾಯುವವರ ಸಾಲಿನಲ್ಲಿ ಮಂಜನ ಹೆಸರನ್ನೂ ಸೇರಿಸಿದ್ದರು. ಸರತಿ ಯಾವಾಗ ಬರುತ್ತದೆ ಎಂದು ಯಾರಿಗೂ ಹೇಳಲಾಗುತ್ತಿರಲಿಲ್ಲ. ನಾನು ಚೇತರಿಸಿಕೊಂಡ ಮೇಲೆ ಎಷ್ಟೋ ಸಲ ದುರ್ಗಕ್ಕೆ ಹೋಗಿ ಅವನ ಡಯಾಲಿಸಿಸ್ ಮುಗಿಯುವವರೆಗೆ ಪಕ್ಕದಲ್ಲಿ ಕೂತೆ. ಲಾರಿ ಡ್ರೈವರುಗಳ ಕಥೆ ಹೇಳಿ ನಗಿಸುತ್ತಿದ್ದ. ಮುಗಿದ ಮೇಲೆ ಎದ್ದು ನಿಲ್ಲುವಾಗ ಮಾತ್ರ ನನ್ನ ಹೆಗಲು ಹಿಡಿಯುತ್ತಿದ್ದ. ಬರಬರುತ್ತಾ ಆ ಕೈ ಹಗುರವಾಯಿತು. ಒಂದು ಮಳೆಗಾಲದಲ್ಲಿ ಚಳಿಜ್ವರ ಬಂತು, ರಕ್ತಕ್ಕೆ ಸೋಂಕಾಗಿತ್ತು. ಆಮೇಲೆ ಹೃದಯ ತಡೆಯಲಿಲ್ಲ. ದುರ್ಗದ ಆಸ್ಪತ್ರೆಯಲ್ಲೇ, ಮಧ್ಯಾಹ್ನ, ಲತಾ ಮಾತ್ರೆ ತರಲು ಕೆಳಗೆ ಹೋಗಿದ್ದಾಗ ಹೋದ. ನಾನು ಪಕ್ಕದಲ್ಲಿದ್ದೆ. ಅವನು ಕೊನೆಗೆ ಏನೂ ಹೇಳಲಿಲ್ಲ. ಹೇಳಿದ್ದರೆ ಇಲ್ಲಿ ಬರೆಯುತ್ತಿದ್ದೆ.

ಸಾವಿಗೆ ಬಂದವರು ನನ್ನನ್ನು ಸಮಾಧಾನ ಮಾಡಿದ ರೀತಿಯೇ ಬೇರೆ. "ನೀನು ಕೊಡಾಕೆ ಹೋಗಿದ್ದಕ್ಕೇ ನಿಂದು ಗೊತ್ತಾತು. ನಿನ್ ತಮ್ಮನೇ ನಿನ್ನ ಉಳಿಸಿದ ಕಣಮ್ಮ." ಎಲ್ಲರೂ ಇದನ್ನೇ ಹೇಳಿದರು. ಮಾತು ನಿಜ. ಅವನಿಗೆ ಕಾಯಿಲೆ ಬರದಿದ್ದರೆ ನಾನು ಸ್ಕ್ಯಾನಿಗೆ ಹೋಗುತ್ತಿರಲಿಲ್ಲ, ಗಡ್ಡೆ ನೆಲ್ಲಿಕಾಯಿಯಷ್ಟರಲ್ಲೇ ನಿಲ್ಲುತ್ತಲೂ ಇರಲಿಲ್ಲ. ಆದರೆ ಈ ಲೆಕ್ಕದೊಳಗೆ ನನ್ನನ್ನು ಕೂರಿಸಿದಾಗಲೆಲ್ಲ ಉಸಿರು ಕಟ್ಟುತ್ತಿತ್ತು. ನನ್ನನ್ನು ಉಳಿಸಲಿಕ್ಕಾಗಿಯೇ ಅವನು ಕಾಯಿಲೆ ಬಿದ್ದ ಎನ್ನುವಂತಿತ್ತು ಅದು. ಬದುಕಿ ಉಳಿದವರಿಗೆ ಏನು ಹೇಳಬಾರದು ಎಂದು ಯಾರಾದರೂ ಕೇಳಿದರೆ, ಇದನ್ನು ಹೇಳಬೇಡಿ ಎನ್ನುತ್ತೇನೆ.

ಈಚೆಗೆ ಮತ್ತೊಂದು ಸ್ಕ್ಯಾನ್ ಆಯಿತು. ಎರಡೂ ಕಿಡ್ನಿ ಚೆನ್ನಾಗಿವೆ, ಬಲಗಡೆ ಹೊಲಿಗೆ ಹಾಕಿದ ಜಾಗದಲ್ಲಿ ಒಂದು ಗುರುತು ಬಿಟ್ಟರೆ ಏನೂ ಇಲ್ಲ ಎಂದರು. ಪ್ರತಿ ಸಲ ಹೋಗುವ ಮೊದಲು ಒಂದು ವಾರ ನನಗೆ ಅನ್ನ ಇಳಿಯುವುದಿಲ್ಲ. ಈ ಭಯ ಹೋಗುತ್ತದೆ ಎಂದು ಯಾರಿಗೂ ಭರವಸೆ ಕೊಡಲಾರೆ. ಅದನ್ನು ಇಟ್ಟುಕೊಂಡೇ ಗಿರಣಿ ತೆಗೆಯುತ್ತೇನೆ, ಹಿಟ್ಟು ತೂಗುತ್ತೇನೆ. ಚೀಲ ಮಾತ್ರ ಈಗ ಬಸವರಾಜು ಎತ್ತುತ್ತಾರೆ.

ಸ್ಕ್ಯಾನ್ ಮುಗಿಸಿ ಸೀದಾ ಐಮಂಗಲಕ್ಕೆ ಹೋದೆ. ಲತಾ ಈಗ ಅಲ್ಲೇ ಒಂದು ಶಾಲೆಯಲ್ಲಿ ಅಡುಗೆ ಮಾಡುತ್ತಾಳೆ, ಆ ಹೊತ್ತಿಗೆ ಮನೆಯಲ್ಲಿರಲಿಲ್ಲ. ಅಮ್ಮ ಒಬ್ಬಳೇ ಇದ್ದಳು. ಏನೂ ಇಲ್ಲವಂತೆ ಎಂದೆ. ಅವಳು ತಟ್ಟೆ ಇಟ್ಟು ಮುದ್ದೆ ಹಾಕಿದಳು, ಸೊಪ್ಪಿನ ಸಾರು ಬಿಟ್ಟಳು. ಎದುರಿಗೆ ಕಾಲು ಚಾಚಿ ಕೂತಳು.

"ಊರೋರೆಲ್ಲ ಅಂತಾರೆ, ಅವನು ಹೋದ್ರೂ ನಿನ್ನ ಉಳಿಸಿ ಹೋದ ಅಂತ. ನಾನೂ ಹಂಗೇ ಅನ್ಕಳಾಣ ಅಂತ ನೋಡ್ದೆ," ಎಂದಳು. "ನಂಗೆ ಬರಲ್ಲ ಕಣೇ ಗಿರಿಜಾ. ನಂಗೆ ಇಬ್ರೂ ಬೇಕಾಗಿತ್ತು."

ಅವನು ಹೋದ ಮೇಲೆ ನಾನು ಕೇಳಿದ ಮಾತುಗಳಲ್ಲಿ ಉಸಿರು ಕಟ್ಟಿಸದಿದ್ದುದು ಅದೊಂದೇ. ಅಮ್ಮ ಇನ್ನೊಂದು ಸೌಟು ಸಾರು ಹಾಕಿದಳು. ನಾನು ಮುದ್ದೆ ಮುರಿದು ಉಂಡೆ.